ಹೊಗೆಯಿಲ್ಲದ ಬಸ್ಸು

ನನ್ನ ಉಗುರಿನ ಸಂದಿಯಲ್ಲಿ ಹನ್ನೊಂದು ವರ್ಷದ ಡೀಸೆಲ್ಲು.
ಸೀಗೆಪುಡಿ ಹಾಕಿ ಉಜ್ಜಿದೆ, ಇಟ್ಟಿಗೆಪುಡಿ ಹಾಕಿ ಉಜ್ಜಿದೆ.
ನನ್ನ ಕೈತುತ್ತಿಗೆ ಮಗಳು ಮುಖ ತಿರುಗಿಸಿದ ದಿನ
ಪೇಟೆಗೆ ಹೋಗಿ ಚಮಚ ತಂದೆ.
ಆದ್ದರಿಂದ, ಹೊಗೆ ಬೇಕು ಅನ್ನುತ್ತಾಳೆ ಇವಳು ಎಂದು
ಯಾರೂ ತಿಳಿಯಬೇಡಿ.

ಹಾಸನದ ಡಿಪೋಗೆ ಅವು ಬಂದದ್ದು ಮಾರ್ಚ್ ತಿಂಗಳಲ್ಲಿ,
ಹನ್ನೆರಡು ಬಸ್ಸು, ಹಸಿರು ಬಳಿದುಕೊಂಡು,
ಅಡುಗೆಮನೆಗೆ ಬೆಕ್ಕು ಬಂದ ಹಾಗೆ.
ಬಡವರ ಊಟಿ ಅನ್ನುತ್ತಿದ್ದರು ಈ ಊರನ್ನು;
ಅಂದು ಶೆಡ್ಡಿನ ತಗಡಿನಡಿ ಸ್ಪ್ಯಾನರ್ ಮುಟ್ಟಿದರೆ ಬೊಬ್ಬೆ.
ಬರಲಿ, ಬರಬೇಕಾದ್ದೇ, ಅಂದುಕೊಂಡೆ.
ಹಿಂದಿನ ಮುಚ್ಚಳ ತೆಗೆಯಲು ಹೋದೆ.
ಬೀಗ.
'ಮೇಡಂ, ಮುಟ್ಬೇಡಿ, ವಾರಂಟಿ ಹೋಗುತ್ತೆ'
ಅಂದ ಕಂಪನಿಯ ಹುಡುಗ, ಕೈಗೆ ಬಿಳಿ ಗ್ಲೌಸು.

ಹೆಸರು ನಿಗಮದ್ದು, ಬಸ್ಸು ಅವರದು.
ಟಿಕೆಟ್ ಕೊಡುವವನು ನಮ್ಮವನು, ಸ್ಟೀರಿಂಗ್ ಹಿಡಿದವನು ಅವರವನು.
ಓಡಿದ ಕಿಲೋಮೀಟರಿಗೆ ಇಷ್ಟು, ಓಡದೆ ನಿಂತರೂ ಇಷ್ಟು
ಅಂತ ಕರಾರಿನಲ್ಲಿದೆಯಂತೆ.
ಓದಿದವರು ಯಾರು ಅಂದರೆ
ಯೂನಿಯನ್ ಸಭೆಯಲ್ಲಿ ಎಲ್ಲರೂ ಫ್ಯಾನು ನೋಡಿದರು.

ಒಂದು ಸಂಜೆ ಟೈರು ರೂಮಿಗೆ ಕಾಲೇಜಿನವರು ಬಂದರು.
ಮಿಸ್ಬಾ ಅನ್ನುವವಳ ಚೀಲದಲ್ಲಿ ಒಂದು ಥರ್ಮಾಮೀಟರು;
ಎನ್.ಆರ್. ಸರ್ಕಲ್ಲಿನಲ್ಲಿ, ಮಧ್ಯಾಹ್ನದ ಅರಸೀಕೆರೆ ಬಸ್ಸಿನ ಕೊನೇ ಸೀಟಿನಲ್ಲಿ,
ಎಷ್ಟೆಷ್ಟು ಸೆಕೆ ಎಂದು ಬರೆದಿಟ್ಟಿದ್ದಳು ದಿನಾ.
ಬ್ಯಾಟರಿ ಪೆಟ್ಟಿಗೆಯ ರಟ್ಟು ಒಂದೇ ಇತ್ತು, ಬರೆಯುವ ಸಾಲು ಎರಡು.
'ಹೊಗೆ ತೊಲಗಲಿ' ಅಂದಳು ಅವಳು.
'ಈ ಹಸಿರು ಮಾರಿ ತೊಲಗಲಿ' ಅಂದ ದ್ಯಾವಪ್ಪ.
'ದೋಣಿಗಾಲಲ್ಲಿ ಗುಡ್ಡ ಇಳಿದು ಬಂದ ರಾತ್ರಿ
ಸ್ಟೀರಿಂಗ್ ಹಿಂದೆ ನಾನಿದ್ದೆ. ನಲವತ್ತು ಜನ. ಬೆಳಗಿನವರೆಗೂ ಒಂದೇ ಮಗೀನ ಅಳು.
ನಂಗೆ ಮಳೆ ಪಾಠ ಹೇಳ್ಬೇಡ ಕಣವ್ವ.'
'ನಂಗೆ ಹೇಳಿ ಹಂಗಾದ್ರೆ' ಅಂದಳು ಮಿಸ್ಬಾ, ಪುಸ್ತಕ ತೆರೆದು.
ಅವನು ಹೇಳಲಿಲ್ಲ. ಟೀ ಆರಿತು.

ಆಗ ಬಾಗಿಲಲ್ಲಿ ಒಬ್ಬ, ಶೂ ಕೈಯಲ್ಲಿ ಹಿಡಿದು.
ಹಸಿರು ಬಸ್ಸಿನ ಡ್ರೈವರು, ಅರಕಲಗೂಡಿನ ಲೋಹಿತಾಶ್ವ.
ನಮ್ಮಲ್ಲಿ ಯಾರೂ ಅವನನ್ನು ಈವರೆಗೆ ಕೂರು ಅಂದಿರಲಿಲ್ಲ.
'ಬಸ್ಸು ಚಾರ್ಜ್ ಆಗೋ ಮೂರು ಗಂಟೆ ಡ್ಯೂಟಿ ಲೆಕ್ಕಕ್ಕಿಲ್ಲ ಅಕ್ಕ.
ಬಸ್ಸಿಗೆ ರೆಸ್ಟು, ನಂಗಿಲ್ಲ.
ಅರ್ಜಿಗೆ ನಾನೂ ಸಹಿ ಹಾಕ್ಬೋದಾ?
ಹೆಸರು ಕಂಡ್ರೆ ನಾಳೇನೇ ತೆಗೀತಾರೆ.
ಹೆಬ್ಬೆಟ್ಟು ಒತ್ತಿದ್ರೆ ಯಾರದು ಅಂತ ಗೊತ್ತಾಗಲ್ಲ, ಅಲ್ವಾ?'

ಪ್ಯಾಡು ಇರಲಿಲ್ಲ.
ಸಂಪಿನಿಂದ ಬಸಿದ ಹಳೇ ಆಯಿಲ್ಲು ತಗಡಿನ ಮುಚ್ಚಳಕ್ಕೆ ಸುರಿದೆ.
ಅವನು ಒತ್ತಿದ.
ಒಂದೇ ಹೆಬ್ಬೆಟ್ಟಾದರೆ ಅವನೇ ಅಂತ ಹಿಡಿಯುತ್ತಾರೆ
ಎಂದು ದ್ಯಾವಪ್ಪ ಗೊಣಗಿ ತಾನೂ ಒತ್ತಿದ.
ಕಂಡಕ್ಟರು ಒತ್ತಿದ, ಡಿಪ್ಲೊಮಾ ಆದವರು ಒತ್ತಿದರು,
ಎಂ.ಎಸ್ಸಿ. ಓದುವ ಮಿಸ್ಬಾ ಒತ್ತಿ ದುಪಟ್ಟಾಕ್ಕೆ ಒರೆಸಿಕೊಂಡಳು.
ನನಗೆ ಆಯಿಲ್ಲು ಬೇಕಾಗಲಿಲ್ಲ, ಬೆವರಿತ್ತು.
ರಟ್ಟಿನ ಮೇಲೆ ಕೊನೆಗೂ ಸಾಲು ಬರೆಯಲಿಲ್ಲ.
ಅರ್ಜಿಯಲ್ಲಿ ಅವಳು ಬರೆದದ್ದು ಇಷ್ಟು:
ಬಸ್ಸು ಇರಲಿ. ಅದನ್ನು ಓಡಿಸುವವರು ನಮ್ಮವರಾಗಲಿ.
ಬೀಗದ ಕೈ ಕೊಡಿ.

ಡಿ.ಸಿ. ಆಫೀಸಿನ ಗುಮಾಸ್ತ ಹಾಳೆ ತಿರುವಿದ.
ನೂರ ಹದಿನಾಲ್ಕು ಕಪ್ಪು ಬೆರಳು.
'ಡಿಪೋದಲ್ಲಿ ಇಷ್ಟು ಜನ ಓದು ಬರದವರಾ?'

'ಎಲ್ಲಾ ಓದಿದ್ದೀವಿ ಸಾರ್,
ಆ ಕರಾರು ಒಂದು ಬಿಟ್ಟು.
ಅದನ್ನೂ ಕೊಡಿ, ಓದ್ತೀವಿ.'

ಅವನು ಮಾತಾಡದೆ
'ಸ್ವೀಕರಿಸಲಾಗಿದೆ' ಅಂತ ಸೀಲು ಒತ್ತಿದ.
ಮಸಿ ನಮ್ಮದಕ್ಕಿಂತ ತೆಳು.